ಸುಧಾರಿತ ಪವರ್ ವೀಲ್‌ಚೇರ್ ಮತ್ತು ದಿನನಿತ್ಯದ ಸ್ವಾವಲಂಬನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪವರ್ ವೀಲ್‌ಚೇರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಅದರ ವೇಗವನ್ನು, ಆಮೇಲೆ ಒಂದು ಚಾರ್ಜಿಗೆ ಎಷ್ಟು ದೂರ ಹೋಗುತ್ತದೆಂಬುದನ್ನು. ಇವೆರಡಕ್ಕೂ ಉತ್ತರ ಮುಂದೆ ಇದೆ. ಆದರೆ ದಿನದಲ್ಲಿ ಎಷ್ಟು ಕೆಲಸಗಳು ಇನ್ನೊಬ್ಬರನ್ನು ಕಾಯದೆ ನಡೆಯುತ್ತವೆ ಎಂಬುದನ್ನು ನಿರ್ಧರಿಸುವುದು ಮೋಟರಿಗಿಂತ ಹೆಚ್ಚಾಗಿ ಕುರ್ಚಿಯ ಆಸನ ಮತ್ತು ಅದನ್ನು ನಡೆಸುವ ನಿಯಂತ್ರಣ. ಆದ್ದರಿಂದ ಇಲ್ಲಿನ ಉತ್ತರಗಳಲ್ಲಿ ಅವೆರಡಕ್ಕೇ ಹೆಚ್ಚು ಜಾಗ ಸಿಕ್ಕಿದೆ.

ಸಾಧಾರಣ ಪವರ್ ವೀಲ್‌ಚೇರ್‌ಗೂ ಸುಧಾರಿತ ಪವರ್ ವೀಲ್‌ಚೇರ್‌ಗೂ ಏನು ವ್ಯತ್ಯಾಸ?

ಸಾಧಾರಣ ಕುರ್ಚಿಯಲ್ಲಿ ಒಂದು ಆಸನ, ಒಂದು ಜಾಯ್‌ಸ್ಟಿಕ್ (ಕುರ್ಚಿಯನ್ನು ನಡೆಸುವ ಪುಟ್ಟ ಹಿಡಿಕೋಲು), ಎರಡು ಮೋಟರು ಮತ್ತು ಬ್ಯಾಟರಿ ಇರುತ್ತವೆ. ಮಡಚಿ ಕಾರಿನ ಹಿಂಬದಿಯಲ್ಲಿ ಇಡಬಹುದಾದ ಹಗುರ ಕುರ್ಚಿಗಳು ಈ ಗುಂಪಿಗೆ ಸೇರುತ್ತವೆ. ಸ್ವಲ್ಪ ದೂರ ನಡೆಯಬಲ್ಲವರಿಗೆ, ದಿನಕ್ಕೆ ಒಂದೆರಡು ಗಂಟೆ ಮಾತ್ರ ಕುರ್ಚಿ ಬಳಸುವವರಿಗೆ ಅದು ಸಾಕು. ಸುಧಾರಿತ ಕುರ್ಚಿ ಇಡೀ ದಿನ ಅದರಲ್ಲೇ ಕಳೆಯುವವರಿಗಾಗಿ ರೂಪುಗೊಂಡದ್ದು. ಅದರ ಆಸನವೇ ಮೋಟರಿನಿಂದ ಬಾಗುತ್ತದೆ, ಒರಗುತ್ತದೆ, ಮೇಲೇರುತ್ತದೆ. ಕೈಯಿಂದ ಮಾತ್ರವಲ್ಲದೆ ಗಲ್ಲ, ತಲೆ, ಪಾದ ಅಥವಾ ಉಸಿರಿನಿಂದಲೂ ಅದನ್ನು ನಡೆಸಬಹುದು. ಅದರ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಬಳಸುವವರ ದೇಹಕ್ಕೆ ತಕ್ಕಂತೆ ಪ್ರೋಗ್ರಾಂ ಮಾಡಬಹುದು. ಇಷ್ಟೆಲ್ಲ ಸೌಕರ್ಯಕ್ಕೆ ತೆರಬೇಕಾದ ಬೆಲೆಯೆಂದರೆ ತೂಕ. ಇಂತಹ ಕುರ್ಚಿ ಸಾಮಾನ್ಯವಾಗಿ ನೂರು ಕಿಲೋ ದಾಟುತ್ತದೆ, ಎಲ್ಲ ಸೌಲಭ್ಯಗಳೂ ಸೇರಿದರೆ 200 ಕಿಲೋ ಹತ್ತಿರಕ್ಕೂ ಹೋಗಬಹುದು. ಆದ್ದರಿಂದ ಅದನ್ನು ಎತ್ತಿ ಸಾಗಿಸುವ ಯೋಚನೆಯನ್ನು ಆರಂಭದಲ್ಲೇ ಬಿಡುವುದು ಒಳ್ಳೆಯದು.

ಕೈಯಿಂದ ತಳ್ಳಿಕೊಳ್ಳುವ ಕುರ್ಚಿಯನ್ನು ಬಿಟ್ಟರೆ ತೋಳುಗಳ ಶಕ್ತಿ ಕುಂದುವುದಿಲ್ಲವೆ?

ಈ ಅಂಜಿಕೆಯಿಂದಲೇ ಎಷ್ಟೋ ಮಂದಿ ವರ್ಷಗಟ್ಟಲೆ ನೋವು ತಿನ್ನುತ್ತಾರೆ. ಭುಜದ ಕೀಲು ಮೈಭಾರ ಹೊರುವುದಕ್ಕಾಗಿ ಇರುವುದಲ್ಲ. ದಿನವಿಡೀ ಗಾಲಿ ತಳ್ಳುವ, ತೋಳಿನ ಮೇಲೆ ಭಾರ ಹಾಕಿ ಹಾಸಿಗೆಗೆ ದಾಟುವ ಜನರಲ್ಲಿ ಭುಜದ ಸ್ನಾಯುರಜ್ಜುಗಳು ಸವೆಯುವುದು, ಮಣಿಕಟ್ಟಿನ ನರ ಒತ್ತಿಕೊಂಡು ಬೆರಳು ಜೋಮು ಹಿಡಿಯುವುದು ಬಹಳ ಸಾಮಾನ್ಯ. ಭುಜ ಕೈಕೊಟ್ಟರೆ ತಳ್ಳುವುದು ನಿಲ್ಲುವುದಷ್ಟೇ ಅಲ್ಲ, ಬಟ್ಟೆ ಹಾಕಿಕೊಳ್ಳುವುದು, ಊಟ ಮಾಡುವುದು, ಹಾಸಿಗೆಯಲ್ಲಿ ಹೊರಳುವುದು ಕೂಡ ಕಷ್ಟವಾಗುತ್ತದೆ. ತೋಳಿನ ಬಲವನ್ನು ಫಿಸಿಯೋಥೆರಪಿಸ್ಟ್ ಹೇಳಿಕೊಡುವ ವ್ಯಾಯಾಮದಿಂದ ಉಳಿಸಿಕೊಳ್ಳಬಹುದು. ಬೆಳಗಿನಿಂದ ಸಂಜೆಯವರೆಗಿನ ಓಡಾಟವನ್ನೇ ವ್ಯಾಯಾಮವೆಂದು ಎಣಿಸಬೇಕಾಗಿಲ್ಲ. ಕಚೇರಿ ತಲುಪುವ ಹೊತ್ತಿಗೇ ಸುಸ್ತಾಗಿ ಕೆಲಸಕ್ಕೆ ತ್ರಾಣವೇ ಉಳಿಯದಿದ್ದರೆ, ಆ ತಳ್ಳುವಿಕೆಯಿಂದ ಗಳಿಸಿದ್ದಾದರೂ ಏನು? ಹಳೆಯ ಕುರ್ಚಿಯನ್ನು ಮಾತ್ರ ಮಾರಬೇಡಿ. ಅದರ ಅಗತ್ಯ ಮತ್ತೆ ಬರುತ್ತದೆ.

ಆಯ್ಕೆಯನ್ನು ಎಲ್ಲಿಂದ ಆರಂಭಿಸಬೇಕು?

ನಿಮ್ಮ ದಿನಚರಿಯಿಂದ ಆರಂಭಿಸಬೇಕು. ಎದ್ದಾಗಿನಿಂದ ಮಲಗುವವರೆಗೆ ಎಲ್ಲೆಲ್ಲಿ ಕೂರುತ್ತೀರಿ, ಎಲ್ಲಿಂದ ಎಲ್ಲಿಗೆ ದಾಟುತ್ತೀರಿ, ಯಾವ ಬಾಗಿಲು ಇಕ್ಕಟ್ಟು, ಯಾವ ಹೊತ್ತಿಗೆ ಬೆನ್ನು ನೋಯಲು ತೊಡಗುತ್ತದೆ, ಯಾವ ಕೆಲಸಕ್ಕೆ ಯಾರನ್ನಾದರೂ ಕರೆಯಬೇಕಾಗುತ್ತದೆ ಎಂಬುದನ್ನೆಲ್ಲ ಒಂದು ವಾರ ಬರೆದಿಡಿ. ಆ ಹಾಳೆಯನ್ನು ಹಿಡಿದುಕೊಂಡು ಆಸನ ವ್ಯವಸ್ಥೆಯಲ್ಲಿ ಅನುಭವವಿರುವ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕರು) ಅಥವಾ ಫಿಸಿಯೋಥೆರಪಿಸ್ಟ್ ಬಳಿ ಹೋದರೆ ಅರ್ಧ ಕೆಲಸ ಮುಗಿದಂತೆ. ಅವರು ಸೊಂಟದ ಅಗಲ, ತೊಡೆಯ ಉದ್ದ, ಕಾಲಿನ ಉದ್ದ, ಬೆನ್ನಿನ ಬಾಗು, ಸ್ನಾಯುಗಳ ಬಿಗಿತ, ಚರ್ಮದ ಸ್ಥಿತಿ, ದೃಷ್ಟಿ ಇವನ್ನೆಲ್ಲ ನೋಡುತ್ತಾರೆ. ಆಸನದ ಆಳ ಒಂದಿಷ್ಟು ಹೆಚ್ಚಾದರೂ ಅಂಚು ಮೊಣಕಾಲಿನ ಹಿಂಬದಿಗೆ ಒತ್ತುತ್ತದೆ. ಅದನ್ನು ತಪ್ಪಿಸಿಕೊಳ್ಳಲು ದೇಹ ಮುಂದಕ್ಕೆ ಜಾರುತ್ತದೆ. ಜಾರಿದ ಸೊಂಟದಿಂದ ಬೆನ್ನು ಗೂನಾಗುತ್ತದೆ. ಮೊಣಕಾಲಿನ ಹಿಂಬದಿಗೂ ಆಸನದ ಅಂಚಿಗೂ ನಡುವೆ ಎರಡು ಮೂರು ಬೆರಳಷ್ಟು ಜಾಗ ಇರಬೇಕೆನ್ನುವುದು ಅದಕ್ಕಾಗಿಯೇ.

ಅಂಗಡಿಯ ನುಣುಪಾದ ನೆಲದ ಮೇಲೆ ಹತ್ತು ನಿಮಿಷ ಓಡಿಸಿ ನಿರ್ಧರಿಸಬೇಡಿ. ನಿಮ್ಮ ಮನೆಯಲ್ಲಿ, ನಿಮ್ಮ ಬಚ್ಚಲ ಬಾಗಿಲಲ್ಲಿ, ನಿಮ್ಮ ಬೀದಿಯಲ್ಲಿ ಪರೀಕ್ಷಿಸಲು ಕುರ್ಚಿಯನ್ನು ಕೊಡಲೊಪ್ಪದ ಮಾರಾಟಗಾರರ ಬಗ್ಗೆ ಸ್ವಲ್ಪ ಎಚ್ಚರವಾಗಿರುವುದು ಲೇಸು.

ಚಾಲನಾ ಚಕ್ರ ಮುಂದಿರಬೇಕೆ, ನಡುವಿರಬೇಕೆ, ಹಿಂದಿರಬೇಕೆ?

ನಡುವಿನ ಚಕ್ರದ ಚಾಲನೆಯಲ್ಲಿ ಕುರ್ಚಿ ಹೆಚ್ಚುಕಡಿಮೆ ನಿಂತಲ್ಲೇ ತಿರುಗುತ್ತದೆ. ದೊಡ್ಡ ಚಕ್ರಗಳು ಕುಳಿತವರ ಮೈಯ ಕೆಳಗೇ ಇರುವುದರಿಂದ ತಿರುವಿನ ಅಂದಾಜು ಬೇಗ ಸಿಗುತ್ತದೆ, ಇಕ್ಕಟ್ಟಾದ ಮನೆಗಳಿಗೆ ಇದೇ ಹೊಂದುತ್ತದೆ. ಆದರೆ ನೆಲ ಹಳ್ಳವಾಗಿದ್ದಲ್ಲಿ ಮುಂದಿನ ಮತ್ತು ಹಿಂದಿನ ಚಿಕ್ಕ ಗಾಲಿಗಳು ಅಂಚುಗಳ ಮೇಲೆ ನಿಂತು, ನಡುವಿನ ಚಕ್ರ ನೆಲ ಮುಟ್ಟದೆ ಬರಿದೇ ಸುತ್ತುವ ಸಂಭವವಿದೆ. ಒಳ್ಳೆಯ ಸಸ್ಪೆನ್ಷನ್ ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಪೂರ್ತಿಯಾಗಿ ಅಲ್ಲ. ಹಿಂಬದಿ ಚಾಲನೆಯ ಕುರ್ಚಿ ವೇಗದಲ್ಲೂ ನೇರವಾಗಿ ಸಾಗುತ್ತದೆ, ಹೊರಗಿನ ದೂರದ ಓಡಾಟಕ್ಕೆ ಹಿತ; ತಿರುಗಲು ಮಾತ್ರ ಹೆಚ್ಚು ಜಾಗ ಕೇಳುತ್ತದೆ. ಮುಂಬದಿ ಚಾಲನೆಯಲ್ಲಿ ದೊಡ್ಡ ಚಕ್ರವೇ ಮೊದಲು ಅಡ್ಡಿಯನ್ನು ಮುಟ್ಟುವುದರಿಂದ ಹೊಸ್ತಿಲು, ಮಣ್ಣುದಾರಿ, ಹುಲ್ಲು ಇವನ್ನು ಸಲೀಸಾಗಿ ದಾಟುತ್ತದೆ ಮತ್ತು ಮೇಜಿನ ಹತ್ತಿರಕ್ಕೆ ಸರಿಯಾಗಿ ಹೋಗಿ ನಿಲ್ಲಬಹುದು. ತಿರುಗುವಾಗ ಹಿಂಭಾಗ ಬೀಸಿ ಗೋಡೆಗೆ ತಾಗುವುದುಂಟು. ಅದು ಅಭ್ಯಾಸದಿಂದ ಮಾತ್ರ ನಿಲ್ಲುತ್ತದೆ.

ನನ್ನ ಅಭಿಪ್ರಾಯದಲ್ಲಿ, ದಿನದ ಹೆಚ್ಚು ಹೊತ್ತು ಮನೆಯೊಳಗೆ ಕಳೆಯುವವರು ನಡುಚಕ್ರವನ್ನೂ, ಹದವಿಲ್ಲದ ನೆಲದ ಮೇಲೆ ದಿನಾ ಓಡಾಡುವವರು ಮುಂಚಕ್ರವನ್ನೂ ಮೊದಲು ಓಡಿಸಿ ನೋಡಬೇಕು.

ಕೈಬೆರಳುಗಳಲ್ಲಿ ಬಲವೇ ಇಲ್ಲದವರು ಇದನ್ನು ನಡೆಸಬಹುದೆ?

ಬಹುತೇಕ ನಡೆಸಬಹುದು. ವಿದ್ಯುತ್ ಗಾಲಿಕುರ್ಚಿ ಹುಟ್ಟಿದ್ದೇ ಇಂಥವರ ಸಲುವಾಗಿ. 1950ರ ದಶಕದಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಎಂಜಿನಿಯರ್ ಜಾರ್ಜ್ ಕ್ಲೈನ್ ತಮ್ಮ ಸಹೋದ್ಯೋಗಿಗಳೊಡನೆ, ಎರಡನೆಯ ಮಹಾಯುದ್ಧದಲ್ಲಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡ ಸೈನಿಕರಿಗಾಗಿ ಜಾಯ್‌ಸ್ಟಿಕ್‌ನಿಂದ ನಡೆಯುವ ಕುರ್ಚಿಯನ್ನು ಸಿದ್ಧಪಡಿಸಿದರು.

ಇಂದು ನಿಯಂತ್ರಣದ ಬಗೆಗಳು ಎರಡು. ಮೊದಲನೆಯದರಲ್ಲಿ ಜಾಯ್‌ಸ್ಟಿಕ್ ಎಷ್ಟು ಸರಿದರೆ ವೇಗ ಅಷ್ಟು ಹೆಚ್ಚುತ್ತದೆ, ಯಾವ ಕೋನಕ್ಕೆ ಸರಿದರೆ ಆ ಕೋನಕ್ಕೇ ಕುರ್ಚಿ ತಿರುಗುತ್ತದೆ. ಎರಡನೆಯದರಲ್ಲಿ ಸ್ವಿಚ್ಚುಗಳು ಇರುತ್ತವೆ. ಒತ್ತಿದರೆ ಮೊದಲೇ ನಿಗದಿಯಾದ ವೇಗದಲ್ಲಿ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಬೆರಳಿನಲ್ಲಿ ಅಲ್ಪಸ್ವಲ್ಪ ಚಲನೆ ಉಳಿದಿದ್ದರೂ ಕೆಲವೇ ಗ್ರಾಂ ಒತ್ತಡಕ್ಕೆ ಸ್ಪಂದಿಸುವ ಪುಟ್ಟ ಜಾಯ್‌ಸ್ಟಿಕ್ ಸಿಗುತ್ತದೆ, ಅದನ್ನು ಬೆರಳತುದಿ, ಗಲ್ಲ ಅಥವಾ ತುಟಿಯ ಬಳಿ ಕೂರಿಸಬಹುದು. ಸ್ನಾಯುಕ್ಷಯ ಇರುವವರಿಗೆ ಇದು ಹೆಚ್ಚು ಉಪಯುಕ್ತ. ಕತ್ತು ಚೆನ್ನಾಗಿ ಆಡುವವರಿಗೆ ತಲೆದಿಂಬಿನಲ್ಲೇ ಮೂರು ಸಂವೇದಕಗಳನ್ನು ಅಡಗಿಸಿಡುವ ವ್ಯವಸ್ಥೆಯಿದೆ: ತಲೆಯನ್ನು ಹಿಂದಕ್ಕೆ ತಂದರೆ ಕುರ್ಚಿ ಮುಂದೆ ಸಾಗುತ್ತದೆ, ಎಡಬಲಗಳ ಪಟ್ಟಿಯ ಹತ್ತಿರ ತಂದರೆ ಆಯಾ ಕಡೆಗೆ ತಿರುಗುತ್ತದೆ. ಕತ್ತೂ ಆಡದಿದ್ದರೆ ಬಾಯಿಯ ಬಳಿಯ ಕೊಳವೆಯಲ್ಲಿ ಜೋರಾಗಿ ಊದುವುದು, ಮೆಲ್ಲನೆ ಊದುವುದು, ಜೋರಾಗಿ ಹೀರುವುದು, ಮೆಲ್ಲನೆ ಹೀರುವುದು ಈ ನಾಲ್ಕರಿಂದಲೇ ನಾಲ್ಕು ದಿಕ್ಕುಗಳನ್ನೂ ಆಳಬಹುದು. ಉಸಿರಿನ ನಿಯಂತ್ರಣದಲ್ಲಿ ಸಾಮಾನ್ಯವಾಗಿ ಒಮ್ಮೆ ಊದಿದರೆ ಕುರ್ಚಿ ತಾನೇ ಸಾಗುತ್ತಿರುವಂತೆ ಹೊಂದಿಸುವುದರಿಂದ, ತಲೆಯಿಂದಲೋ ಮೊಣಕೈಯಿಂದಲೋ ತಟ್ಟಬಹುದಾದ ತುರ್ತು ನಿಲುಗಡೆಯ ಸ್ವಿಚ್ಚು ಪ್ರತ್ಯೇಕವಾಗಿ ಇರಲೇಬೇಕು. ಕಣ್ಣಿನ ನೋಟದಿಂದ ನಡೆಸುವ ವ್ಯವಸ್ಥೆಗಳೂ ಬಂದಿವೆ, ಆದರೆ ಬಿಸಿಲಿನಲ್ಲಿ ಕ್ಯಾಮೆರಾಕ್ಕೆ ಕಣ್ಣು ಹಿಡಿಯುವುದು ಕಷ್ಟವಾಗುತ್ತದೆ, ಜೊತೆಗೆ ದಾರಿ ನೋಡುವ ಕಣ್ಣೇ ಕುರ್ಚಿಯನ್ನೂ ನಡೆಸಬೇಕಾಗುತ್ತದೆ.

ಯಾವುದನ್ನೇ ಆರಿಸಿದರೂ ಒಂದು ನಿಯಮವನ್ನು ನೆನಪಿಡಿ: ದಿನದ ಕೊನೆಯಲ್ಲಿ, ದಣಿದಾಗಲೂ ನಂಬಿಕೆಯಿಂದ ಮಾಡಬಹುದಾದ ಚಲನೆ ಯಾವುದೋ ಅದರ ಮೇಲೆಯೇ ನಿಯಂತ್ರಣವನ್ನು ಕೂರಿಸಬೇಕು. ಬೆಳಗ್ಗೆ ಹತ್ತು ಗಂಟೆಯ ಪರೀಕ್ಷೆಯಲ್ಲಿ ಸೊಗಸಾಗಿ ಆಡಿದ ಕೈ ಸಂಜೆ ಆರಕ್ಕೆ ಮೇಲೇಳದೆ ಇರಬಹುದು.

ಪ್ರೋಗ್ರಾಂ ಮಾಡುವುದು ಎಂದರೆ ಏನು? ಅದು ಅಷ್ಟು ಮುಖ್ಯವೆ?

ಬಹಳ ಮುಖ್ಯ, ಮತ್ತು ಬಹಳ ಕಡೆಗಣನೆಗೆ ಒಳಗಾದ ವಿಷಯ. ಗರಿಷ್ಠ ವೇಗ, ವೇಗ ಏರುವ ಬಗೆ, ನಿಲ್ಲುವ ಬಗೆ, ತಿರುಗುವ ವೇಗ, ಜಾಯ್‌ಸ್ಟಿಕ್ ಎಷ್ಟು ಸರಿಯಬೇಕು, ಕೈನಡುಕವನ್ನು ಎಷ್ಟರಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳದಿರಬೇಕು ಎಂಬ ಪ್ರತಿಯೊಂದನ್ನೂ ತಂತ್ರಜ್ಞರು ಬೇರೆ ಬೇರೆಯಾಗಿ ಹೊಂದಿಸಬಲ್ಲರು. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಒಬ್ಬರಿಗೆ ಕುರ್ಚಿ ಥಟ್ಟನೆ ಹೊರಟ ಕೂಡಲೇ ಮೈ ಸೆಟೆಯಬಹುದು. ಸೆಟೆದ ಕೈ ಜಾಯ್‌ಸ್ಟಿಕ್ ಅನ್ನು ಇನ್ನಷ್ಟು ತಳ್ಳಬಹುದು. ಅಂಥವರಿಗೆ ಆರಂಭದ ವೇಗೋತ್ಕರ್ಷವನ್ನು ಇಳಿಸಿದರೆ ಸಾಕು, ನಿನ್ನೆಯವರೆಗೆ ಗೋಡೆಗೆ ಗುದ್ದುತ್ತಿದ್ದವರು ಇಂದು ಬಾಗಿಲು ದಾಟುತ್ತಾರೆ. ಹಾಗಿದ್ದೂ 'ಇವರಿಗೆ ಓಡಿಸಲು ಬರುವುದಿಲ್ಲ' ಎಂದು ಕುರ್ಚಿಯನ್ನು ಮೂಲೆಗೆ ಸರಿಸುವ ಮನೆಗಳು ಕಡಿಮೆಯೇನಲ್ಲ.

ಮನೆಯೊಳಗೆ ಒಂದು, ಜನಸಂದಣಿಯಲ್ಲಿ ಒಂದು, ಬಯಲಿನಲ್ಲಿ ಒಂದು ಎಂಬಂತೆ ಕನಿಷ್ಠ ಮೂರು ಬೇರೆ ಬೇರೆ ಹೊಂದಾಣಿಕೆಗಳನ್ನು ಮಾಡಿಸಿಕೊಳ್ಳಿ. ಓರೆಯಾದ ಕಾಲುದಾರಿಯಲ್ಲಿ ಕುರ್ಚಿ ತಗ್ಗಿನ ಕಡೆಗೆ ಎಳೆಯುವುದನ್ನು ತಾನಾಗಿ ತಿದ್ದುವ ಗೈರೋ ಸಂವೇದಕ ಸ್ವಿಚ್ಚು ಬಳಸುವವರಿಗೆ ಬಹುಮಟ್ಟಿಗೆ ಅನಿವಾರ್ಯ. ಇಲ್ಲದಿದ್ದರೆ ಪ್ರತಿ ಎರಡು ಅಡಿಗೊಮ್ಮೆ ದಿಕ್ಕು ಸರಿಪಡಿಸುವುದರಲ್ಲೇ ದಣಿವಾಗುತ್ತದೆ.

ಆಸನವನ್ನು ಬಾಗಿಸುವುದು, ಒರಗಿಸುವುದು ಇವೆಲ್ಲ ಬರಿಯ ಆರಾಮಕ್ಕಾಗಿಯೆ?

ಅಲ್ಲ. ಮೈಮರಗಟ್ಟಿದವರಿಗೆ ಅಥವಾ ತಾವಾಗಿ ಸರಿದು ಕೂರಲಾರದವರಿಗೆ ಕೂತಲ್ಲೇ ಚರ್ಮದ ರಕ್ತಸಂಚಾರ ನಿಂತು ಒತ್ತಡದ ಹುಣ್ಣುಗಳಾಗುತ್ತವೆ. ಕೂತ ಮೂಳೆಯ ಕೆಳಗೆ ಆದ ಒಂದು ಹುಣ್ಣು ತಿಂಗಳುಗಟ್ಟಲೆ ಹಾಸಿಗೆ ಹಿಡಿಸಬಲ್ಲದು, ಅಂದರೆ ಕುರ್ಚಿಯಿಂದ ಬಂದ ಸ್ವಾತಂತ್ರ್ಯವನ್ನೆಲ್ಲ ಒಂದೇ ಏಟಿಗೆ ಕಸಿದುಕೊಳ್ಳಬಲ್ಲದು. ಟಿಲ್ಟ್ ಎಂದರೆ ಸೊಂಟದ ಮತ್ತು ಮೊಣಕಾಲಿನ ಕೋನ ಹಾಗೆಯೇ ಇದ್ದು ಇಡೀ ಆಸನ ಹಿಂದಕ್ಕೆ ಬಾಗುವುದು. ಆಗ ಕುಂಡೆಯ ಮೇಲಿನ ಭಾರ ಬೆನ್ನಿಗೆ ಹಂಚಿಹೋಗುತ್ತದೆ. ಹತ್ತು ಹದಿನೈದು ಡಿಗ್ರಿ ಬಾಗಿಸಿದರೆ ಕೂರುವ ಭಂಗಿ ಸುಧಾರಿಸುತ್ತದೆಯೇ ಹೊರತು ಒತ್ತಡ ಅಷ್ಟೇನೂ ಇಳಿಯದು. 30 ಡಿಗ್ರಿಗೂ ಮೀರಿ ಬಾಗಿಸಿದಾಗಲೇ ನಿಜವಾದ ಪ್ರಯೋಜನ, ಮತ್ತು ಅನೇಕ ಕುರ್ಚಿಗಳು 45 ಡಿಗ್ರಿಗಿಂತ ಹೆಚ್ಚು ಬಾಗಬಲ್ಲವು. ಅರ್ಧ ಗಂಟೆಗೊಮ್ಮೆಯಾದರೂ ಹೀಗೆ ಬಾಗಿಸಿ ಎರಡು ಮೂರು ನಿಮಿಷ ಹಾಗೆಯೇ ಇರುವುದು ಸಾಮಾನ್ಯ ಸಲಹೆ. ನಿಮಗೆ ಎಷ್ಟು ಬೇಕೆಂಬುದನ್ನು ಚರ್ಮವನ್ನು ಪರೀಕ್ಷಿಸಿದವರು ಹೇಳಬೇಕು. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ, ಏಕೆಂದರೆ ಕೆಲಸದಲ್ಲಿ ಮುಳುಗಿದಾಗ ಇದು ಖಂಡಿತ ಮರೆತುಹೋಗುತ್ತದೆ.

ರಿಕ್ಲೈನ್ ಎಂದರೆ ಬೆನ್ನಿನ ಭಾಗ ಮಾತ್ರ ಒರಗುವುದು. ಸೊಂಟ ಚಾಚಲು, ಬಟ್ಟೆ ಸರಿಮಾಡಲು, ಕ್ಯಾಥೆಟರ್ (ಮೂತ್ರದ ಕೊಳವೆ) ಹಾಕಿಕೊಳ್ಳಲು ಇದು ಬೇಕೇ ಬೇಕು. ಆದರೆ ಒರಗಿ ಏಳುವಾಗ ಬೆನ್ನು ಮತ್ತು ಹಿಂದೊರಗು ಒಂದರ ಮೇಲೊಂದು ಉಜ್ಜಿ ಚರ್ಮ ಎಳೆದಂತಾಗುತ್ತದೆ. ಆದ್ದರಿಂದ ಮೊದಲು ಟಿಲ್ಟ್ ಮಾಡಿ ಆಮೇಲೆ ಒರಗಬೇಕು. ಏಳುವಾಗ ಮೊದಲು ಬೆನ್ನೊರಗನ್ನು ಎತ್ತಿ, ಆಮೇಲೆ ಟಿಲ್ಟ್ ಇಳಿಸಬೇಕು. ಈ ಕ್ರಮ ತಪ್ಪಿದರೆ ದೇಹ ಮುಂದಕ್ಕೆ ಜಾರಿರುತ್ತದೆ, ಯಾರಾದರೂ ಬಂದು ಎಳೆದು ಕೂರಿಸಬೇಕಾಗುತ್ತದೆ.

ರಕ್ತದೊತ್ತಡದ ವಿಷಯದಲ್ಲಿ ಒಂದು ಎಚ್ಚರಿಕೆ. ನೆಟ್ಟಗೆ ಕೂತಾಗ ಕಣ್ಣು ಕತ್ತಲೆ ಬಂದರೆ ಆಸನವನ್ನು ಹಿಂದಕ್ಕೆ ಬಾಗಿಸುವುದು ಸರಿ. ಆದರೆ ಎದೆಯ ಆರನೆಯ ಬೆನ್ನೆಲುಬಿನ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಬೆನ್ನುಹುರಿಗೆ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯತೊಡಗಿ, ಮುಖ ಕೆಂಪಾಗಿ ಬೆವೆತರೆ ಅದು ರಕ್ತದೊತ್ತಡ ಅಪಾಯಕರವಾಗಿ ಏರಿದ ಲಕ್ಷಣವಿರಬಹುದು. ಆಗ ನೆಟ್ಟಗೆ ಕೂತು, ಕಾಲು ಇಳಿಬಿಟ್ಟು, ಬಿಗಿಯಾದದ್ದನ್ನು ಸಡಿಲಿಸಿ, ಮೂತ್ರದ ಕೊಳವೆ ಕಟ್ಟಿದೆಯೇ ಎಂದು ನೋಡಬೇಕು, ತಡಮಾಡದೆ ವೈದ್ಯಕೀಯ ನೆರವು ಪಡೆಯಬೇಕು. ಆರೈಕೆ ಮಾಡುವವರಿಗೂ ಇದನ್ನು ಮೊದಲೇ ಹೇಳಿಟ್ಟಿರಿ.

ಆಸನ ಮೇಲೇರುವುದು, ಕೂತವರನ್ನು ಎದ್ದು ನಿಲ್ಲಿಸುವುದು ನಿಜಕ್ಕೂ ಬೇಕೆ?

ಆಸನ ಮೇಲೇರುವ ಸೌಲಭ್ಯವನ್ನು ಅಲಂಕಾರವೆಂದು ಕಡೆಗಣಿಸುವವರು ಒಮ್ಮೆ ಅಡುಗೆಮನೆಯ ದೃಶ್ಯವನ್ನು ಗಮನಿಸಬೇಕು. ಕೂತ ಎತ್ತರದಿಂದ ಒಲೆಯ ಮೇಲಿನ ಪಾತ್ರೆಯೊಳಗೆ ಏನಿದೆಯೆಂದು ಕಾಣುವುದಿಲ್ಲ. ಕುದಿಯುವ ನೀರಿನ ಪಾತ್ರೆಯನ್ನು ಎದೆಮಟ್ಟದಲ್ಲಿ ಹಿಡಿದು ತೊಡೆಯ ಮೇಲಿಂದ ಸಾಗಿಸಬೇಕಾಗುತ್ತದೆ. ಆಸನ 25 ಸೆಂಟಿಮೀಟರ್ ಏರಿದರೆ ಪಾತ್ರೆಯೊಳಗೆ ನೋಡುತ್ತಾ ಸೌಟು ಆಡಿಸಬಹುದು, ಮೇಲಿನ ಕಪಾಟಿನ ಡಬ್ಬಿ ಕೈಗೆ ಸಿಗುತ್ತದೆ, ಕೌಂಟರಿನ ಆಚೆ ನಿಂತವರ ಮುಖ ಎದುರಿಗೇ ಬರುತ್ತದೆ. ಹಾಸಿಗೆಗೆ ದಾಟುವಾಗ ಆಸನವನ್ನು ಹಾಸಿಗೆಗಿಂತ ಒಂದಿಷ್ಟು ಎತ್ತರಕ್ಕೆ ತಂದುಕೊಂಡರೆ ಜಾರುಹಲಗೆಯ ಮೇಲೆ ಕೆಳಮುಖವಾಗಿ ಸರಿಯಬಹುದು, ಭುಜಕ್ಕೆ ಬೀಳುವ ಭಾರ ಬಹಳ ತಗ್ಗುತ್ತದೆ. ಹಿಂದಿರುಗುವಾಗ ಆಸನವನ್ನು ಹಾಸಿಗೆಗಿಂತ ಕೆಳಗಿಳಿಸಿಕೊಂಡರಾಯಿತು. ಇನ್ನೊಬ್ಬರ ಸಹಾಯ ಬೇಕಾಗುವ ಮತ್ತು ಬೇಡವಾಗುವ ದಿನಗಳ ನಡುವಿನ ಅಂತರ ಎಷ್ಟೋ ಜನರಿಗೆ ಈ ಕೆಲವು ಅಂಗುಲಗಳಷ್ಟೇ.

ನಿಲ್ಲಿಸುವ ಕುರ್ಚಿಗಳು ಇನ್ನೂ ಒಂದು ಹೆಜ್ಜೆ ಮುಂದೆ. ಆದರೆ ವರ್ಷಗಳಿಂದ ಕಾಲಿನ ಮೇಲೆ ಭಾರ ಬಿದ್ದಿಲ್ಲದಿದ್ದರೆ ಮೂಳೆ ಟೊಳ್ಳಾಗಿರಬಹುದು, ಕೀಲುಗಳು ಮಡಿಚಿಕೊಂಡೇ ಬಿಗಿದಿರಬಹುದು, ನಿಂತಾಗ ರಕ್ತದೊತ್ತಡ ಕುಸಿಯಬಹುದು. ವೈದ್ಯರ ಪರೀಕ್ಷೆಯಿಲ್ಲದೆ ಈ ಸೌಲಭ್ಯವನ್ನು ಬಳಸಲೇಬಾರದು.

ಮನೆಯೊಳಗೆ ಕುರ್ಚಿ ಹಿಡಿಯುತ್ತದೆಯೆ?

ಅಳೆದು ನೋಡಿ. ಕುರ್ಚಿಯ ಅಗಲ ಸುಮಾರು 60ರಿಂದ 66 ಸೆಂಟಿಮೀಟರ್. ಬಾಗಿಲಿನ ಚೌಕಟ್ಟನ್ನಲ್ಲ, ಬಾಗಿಲು ತೆರೆದಾಗ ಉಳಿಯುವ ಖಾಲಿ ಜಾಗವನ್ನು ಅಳೆಯಬೇಕು. ಅದು 80 ಸೆಂಟಿಮೀಟರ್ ಇದ್ದರೆ ನಿರಾಳ. ಪೂರ್ತಿ ತಿರುಗಲು 150 ಸೆಂಟಿಮೀಟರ್ ವ್ಯಾಸದ ಜಾಗವನ್ನು ಮಾನದಂಡವಾಗಿ ಇಟ್ಟುಕೊಳ್ಳುತ್ತಾರೆ. ಬಾಗಿಲಿನ ಅಗಲಕ್ಕಿಂತ ಬಾಗಿಲ ಮುಂದಿನ ಓಣಿಯ ಅಗಲವೇ ಹಲವು ಸಲ ತೊಡಕು ತರುತ್ತದೆ, ಏಕೆಂದರೆ ನೇರವಾಗಿ ನುಗ್ಗುವ ಕುರ್ಚಿ ಪಕ್ಕಕ್ಕೆ ಹೊರಳಿ ನುಗ್ಗಲಾರದು. ಮೇಜಿನ ಕೆಳಗಿನ ಎತ್ತರವನ್ನೂ ನೋಡಿ: ಮೊಣಕಾಲು ಹೋದರೂ ಜಾಯ್‌ಸ್ಟಿಕ್ ಅಂಚಿಗೆ ತಾಗಿ ನಿಲ್ಲುತ್ತದೆ. ಪಕ್ಕಕ್ಕೆ ಹಿಂದಕ್ಕೆ ಸರಿಯುವ ಜಾಯ್‌ಸ್ಟಿಕ್ ತೋಳನ್ನು ಆರಂಭದಲ್ಲೇ ಕೇಳಿ ಹಾಕಿಸಿಕೊಂಡರೆ ಎಲ್ಲರ ಜೊತೆ ಮೇಜಿಗೆ ಹತ್ತಿ ಊಟ ಮಾಡಬಹುದು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಳ್ಳಬೇಕಾಗಿಲ್ಲ.

ಇಳಿಜಾರು ಮತ್ತು ಮೆಟ್ಟಿಲುಗಳ ಕತೆಯೇನು?

ಒಂದು ಅಳತೆ ಎತ್ತರಕ್ಕೆ ಹನ್ನೆರಡು ಅಳತೆ ಉದ್ದ, ಅಂದರೆ 1:12, ರಾಂಪಿಗೆ ಎಲ್ಲೆಡೆ ಬಳಕೆಯಲ್ಲಿರುವ ಲೆಕ್ಕ. ಇದಕ್ಕಿಂತ ಕಡಿದಾದುದನ್ನೂ ಮೋಟರು ಏರಬಲ್ಲದು, ಆದರೆ ಕುರ್ಚಿ ಹಿಂದಕ್ಕೆ ಮಗುಚುವ ಅಪಾಯ ಹೆಚ್ಚುತ್ತದೆ. ತಯಾರಕರು ಕೈಪಿಡಿಯಲ್ಲಿ ಹೇಳಿದ ಕೋನವನ್ನು ಮೀರಬೇಡಿ. ಏರುವ ಇಳಿಯುವ ಮುನ್ನ ಆಸನವನ್ನು ಪೂರ್ತಿ ಕೆಳಗಿಳಿಸಿ, ನೇರವಾಗಿ ಸಾಗಿ, ನಡುವೆ ತಿರುಗಿಸಬೇಡಿ. ಸಣ್ಣ ಹೊಸ್ತಿಲಿಗೆ ನೇರವಾಗಿ ಎದುರಾಗಿ ಹತ್ತಬೇಕು. ಓರೆಯಾಗಿ ಹತ್ತಿದರೆ ಒಂದು ಗಾಲಿ ಮೇಲೆ ಒಂದು ಕೆಳಗೆ ಉಳಿದು ಕುರ್ಚಿ ವಾಲುತ್ತದೆ. ಮೆಟ್ಟಿಲನ್ನು ಈ ಕುರ್ಚಿಗಳು ಹತ್ತುವುದಿಲ್ಲ. ಎರಡು ಚಕ್ರಗಳ ಮೇಲೆ ಸಮತೋಲನ ಕಾಯ್ದುಕೊಳ್ಳಬಲ್ಲ, ಮೆಟ್ಟಿಲನ್ನೂ ಏರಬಲ್ಲ ಐಬಾಟ್ ಎಂಬ ಕುರ್ಚಿಯನ್ನು ಅಮೆರಿಕದ ಸಂಶೋಧಕ ಡೀನ್ ಕೇಮನ್ ರೂಪಿಸಿದ್ದುಂಟು, ಅದಕ್ಕೆ ಅಮೆರಿಕದಲ್ಲಿ 2003ರಲ್ಲಿ ಅನುಮತಿಯೂ ಸಿಕ್ಕಿತು, ಆದರೆ ಅದು ಎಲ್ಲರ ಕೈಗೆಟುಕುವ ಪರಿಹಾರವಾಗಲಿಲ್ಲ. ಕಟ್ಟಡವನ್ನು ಸರಿಪಡಿಸುವುದೇ ಈಗಲೂ ಸುಲಭದ ದಾರಿ.

ಮಳೆಯಲ್ಲಿ ಹೋಗಬಹುದೆ?

ತುಂತುರು ಮಳೆ ತಡೆಯುತ್ತದೆ, ನಿಂತ ನೀರು ತಡೆಯುವುದಿಲ್ಲ. ಜಾಯ್‌ಸ್ಟಿಕ್ ಬುಡದಲ್ಲಿರುವ ಮಡಿಕೆ ಮಡಿಕೆಯ ರಬ್ಬರ್ ಹೊದಿಕೆ ಹರಿದಿದ್ದರೆ ಒಂದು ಹನಿಯೂ ಒಳಗಿಳಿದು ಇಡೀ ಕುರ್ಚಿಯನ್ನು ನಿಲ್ಲಿಸಬಲ್ಲದು. ತಿಂಗಳಿಗೊಮ್ಮೆ ಅದನ್ನು ನೋಡಿ, ಜೇಬಿನಲ್ಲಿ ಒಂದು ತೆಳು ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ.

ಬ್ಯಾಟರಿ ಎಷ್ಟು ದೂರ ಬರುತ್ತದೆ? ಹೇಗೆ ನೋಡಿಕೊಳ್ಳಬೇಕು?

ಹೆಚ್ಚಿನ ಕುರ್ಚಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಪಡೆಯುತ್ತಾರೆ. ವೇಗ ಗಂಟೆಗೆ 6ರಿಂದ 10 ಕಿಲೋಮೀಟರ್ ನಡುವೆ ಇರುತ್ತದೆ. ದೂರವನ್ನು ತಯಾರಕರು 25 ಅಥವಾ 30 ಕಿಲೋಮೀಟರ್ ಎಂದು ಬರೆದಿದ್ದರೂ ಅದು ಹೊಸ ಬ್ಯಾಟರಿಯ, ಸಮತಟ್ಟಾದ ನೆಲದ ಲೆಕ್ಕ. ಏರು, ಮಣ್ಣು, ಚಳಿ, ಬಳಸುವವರ ತೂಕ, ಪದೇ ಪದೇ ಆಸನ ಎತ್ತಿಳಿಸುವುದು ಎಲ್ಲವೂ ಅದರಿಂದ ಕಳೆಯುತ್ತವೆ. ಬರೆದದ್ದರ ಮೂರನೇ ಎರಡು ಭಾಗವನ್ನು ನಂಬಿ ಹೊರಟರೆ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುವ ಪ್ರಸಂಗ ಕಡಿಮೆ.

ಜೆಲ್ ಅಥವಾ ಎಜಿಎಂ (ಆಮ್ಲವನ್ನು ಗಾಜುನಾರಿನ ಹಾಳೆ ಹೀರಿಟ್ಟುಕೊಳ್ಳುವ) ಬಗೆಯ ಸೀಸದ ಬ್ಯಾಟರಿಗಳನ್ನು ಪ್ರತಿ ರಾತ್ರಿ ಚಾರ್ಜಿಗೆ ಹಾಕಬೇಕು, ಎಂಟು ಹತ್ತು ಗಂಟೆ ಬೇಕಾಗಬಹುದು. ಪೂರ್ತಿ ಬರಿದಾಗಲು ಬಿಟ್ಟು ಚಾರ್ಜ್ ಮಾಡುವ ಪದ್ಧತಿ ಇವುಗಳ ಆಯುಸ್ಸನ್ನು ತಿನ್ನುತ್ತದೆ. ಕಾರಿನ ಬ್ಯಾಟರಿ ಒಮ್ಮೆಗೇ ಹೆಚ್ಚು ಶಕ್ತಿ ಕೊಟ್ಟು ಸುಮ್ಮನಾಗಲು ತಯಾರಾದದ್ದು. ಅಗ್ಗವೆಂದು ಅದನ್ನು ಹಾಕಿಸಿದರೆ ಬೇಗ ಕೆಡುತ್ತದೆ, ಅಪಾಯವೂ ಹೌದು. ಚಾರ್ಜ್ ಮಾಡುವ ಕಿಂಡಿ ಜಾಯ್‌ಸ್ಟಿಕ್ಕಿನ ಕೆಳಗಿದ್ದರೆ ಪಿನ್ನನ್ನು ನೀವೇ ಚುಚ್ಚಿಕೊಳ್ಳಬಹುದು, ಹಿಂದುಗಡೆ ಇದ್ದರೆ ಪ್ರತಿ ರಾತ್ರಿ ಯಾರನ್ನಾದರೂ ಕರೆಯಬೇಕು. ಕೊಳ್ಳುವಾಗ ಯಾರೂ ಕೇಳದ ಪ್ರಶ್ನೆ ಇದು.

ವಾಹನದಲ್ಲಿ, ವಿಮಾನದಲ್ಲಿ ಕರೆದೊಯ್ಯುವುದು ಹೇಗೆ?

ಕುರ್ಚಿಯಲ್ಲೇ ಕೂತು ಪ್ರಯಾಣಿಸುವುದಾದರೆ ಅದು ಅಪಘಾತ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾದರಿಯಾಗಿರಬೇಕು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 7176ರ 19ನೇ ಭಾಗ ಈ ಕುರಿತಾದ ಮಾನದಂಡ. ಕುರ್ಚಿಯನ್ನು ಮುಂದೆ ಮುಖ ಮಾಡಿ ನಿಲ್ಲಿಸಿ, ನಾಲ್ಕು ಕಡೆ ಪಟ್ಟಿಗಳಿಂದ ವಾಹನದ ನೆಲಕ್ಕೆ ಬಿಗಿದು, ಕೂತವರಿಗೆ ವಾಹನದ ಸೊಂಟಪಟ್ಟಿ ಮತ್ತು ಭುಜಪಟ್ಟಿಯನ್ನು ಪ್ರತ್ಯೇಕವಾಗಿ ಹಾಕಬೇಕು. ಕುರ್ಚಿಯದೇ ಸೊಂಟಪಟ್ಟಿ ಭಂಗಿ ಕಾಯಲು ಇರುವುದು, ಅಪಘಾತದಲ್ಲಿ ಅದು ತಡೆಯುವುದಿಲ್ಲ.

ವಿಮಾನದಲ್ಲಿ ಕುರ್ಚಿ ಸರಕಿನ ವಿಭಾಗಕ್ಕೆ ಹೋಗುತ್ತದೆ. ಕುರ್ಚಿಯಿಂದ ತೆಗೆಯಬೇಕಾದ ಬಗೆಯ ಲಿಥಿಯಂ ಬ್ಯಾಟರಿಗೆ 300 ವ್ಯಾಟ್-ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ) ಮಿತಿಯಿದ್ದು, ಅದನ್ನು ಪ್ರಯಾಣಿಕರ ಕ್ಯಾಬಿನ್ನಿನಲ್ಲೇ ಒಯ್ಯಬೇಕು. ಬ್ಯಾಟರಿಯ ಬಗೆ, ಕುರ್ಚಿಯ ತೂಕ ಮತ್ತು ಅಳತೆಗಳನ್ನು ಟಿಕೆಟ್ ಕೊಳ್ಳುವಾಗಲೇ ತಿಳಿಸಿ. ಜಾಯ್‌ಸ್ಟಿಕ್, ತಲೆದಿಂಬು, ಮೆತ್ತೆ ಬಿಚ್ಚಿ ಬರುವಂತಿದ್ದರೆ ಕೈಯಲ್ಲೇ ಇಟ್ಟುಕೊಳ್ಳಿ, ಬ್ರೇಕ್ ಬಿಡಿಸುವ ಸನ್ನೆ (ಲಿವರ್) ಎಲ್ಲಿದೆಯೆಂದು ಬರೆದ ಚೀಟಿಯನ್ನು ಕುರ್ಚಿಗೆ ಅಂಟಿಸಿ. ಅದು ತಿಳಿಯದ ಸಿಬ್ಬಂದಿ ಕುರ್ಚಿಯನ್ನು ಎಳೆದಾಡಿ ಮುರಿಯುತ್ತಾರೆ.

ಚಿಕ್ಕ ಮಕ್ಕಳಿಗೆ ಕೊಡಬಹುದೆ?

ಕೊಡಬಹುದು, ತಡ ಮಾಡದಿರುವುದೇ ಒಳ್ಳೆಯದು. ಎರಡು ವರ್ಷದ ಆಸುಪಾಸಿನ ಮಕ್ಕಳು ಹಿರಿಯರ ಕಣ್ಗಾವಲಿನಲ್ಲಿ ಕುರ್ಚಿ ನಡೆಸಲು ಕಲಿತಿರುವುದನ್ನು ಅಧ್ಯಯನಗಳು ತೋರಿಸಿವೆ. ಮಗು ಬೇಕಾದ ಆಟಿಕೆಯ ಬಳಿಗೆ ತಾನೇ ಹೋಗುವುದು, ಬೇಡವಾದವರಿಂದ ದೂರ ಸರಿಯುವುದು ಅದರ ಮಾತು ಮತ್ತು ಬುದ್ಧಿಯ ಬೆಳವಣಿಗೆಗೂ ಇಂಬು ಕೊಡುತ್ತದೆ. ನಡೆಯುವುದನ್ನು ಕಲಿಯಲು ಇದು ಅಡ್ಡಿಯಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಎರಡೂ ಜೊತೆಜೊತೆಗೆ ಸಾಗಬಹುದು.

ಓಡಿಸಲು ಕಲಿಯುವುದು ಹೇಗೆ?

ಮೊದಲು ನಿಲ್ಲಿಸಲು ಕಲಿಯಿರಿ. ಖಾಲಿ ಜಾಗದಲ್ಲಿ ಅತಿ ಕಡಿಮೆ ವೇಗದಲ್ಲಿ ಜಾಯ್‌ಸ್ಟಿಕ್ ಬಿಟ್ಟ ಮೇಲೆ ಕುರ್ಚಿ ಎಷ್ಟು ದೂರ ಸಾಗಿ ನಿಲ್ಲುತ್ತದೆಂಬುದು ಮೈಗೆ ಗೊತ್ತಾಗಬೇಕು. ಆಮೇಲೆ ನೇರ ಹೋಗುವುದು, ತಿರುಗುವುದು, ಹಿಂದಕ್ಕೆ ಬರುವುದು, ಬಾಗಿಲು ದಾಟುವುದು, ಲಿಫ್ಟಿನೊಳಗೆ ಹೊಕ್ಕು ತಿರುಗುವುದು. ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ವೀಲ್‌ಚೇರ್ ಸ್ಕಿಲ್ಸ್ ಪ್ರೋಗ್ರಾಂ ಪವರ್ ಕುರ್ಚಿಯ ಕೌಶಲಗಳನ್ನು ಹೀಗೆಯೇ ಹಂತ ಹಂತವಾಗಿ ಜೋಡಿಸಿಕೊಟ್ಟಿದೆ, ತರಬೇತಿ ಕೊಡುವವರು ಅದನ್ನು ಅನುಸರಿಸಬಹುದು.

ಹೊಸಬರಿಗೆ ಯಾರೂ ಹೇಳದ ಒಂದು ಅಪಾಯವಿದೆ. ಪರಿಚಯದವರು ಪ್ರೀತಿಯಿಂದ ಬಾಗಿ ಅಪ್ಪಿಕೊಳ್ಳುವಾಗ ಅವರ ಹೊಟ್ಟೆಯೋ, ಹೆಗಲಿಂದ ಇಳಿಬಿದ್ದ ಚೀಲವೋ ಜಾಯ್‌ಸ್ಟಿಕ್ಕಿಗೆ ತಾಗುತ್ತದೆ, ಕುರ್ಚಿ ಅವರ ಕಾಲಬೆರಳ ಮೇಲೆಯೇ ಹತ್ತುತ್ತದೆ. ನಿಂತ ಕೂಡಲೇ, ಮೇಜಿಗೆ ಕೂತ ಕೂಡಲೇ, ಯಾರಾದರೂ ಹತ್ತಿರ ಬಂದ ಕೂಡಲೇ ಸ್ವಿಚ್ ಆರಿಸುವುದು ಅಭ್ಯಾಸವಾಗಿಬಿಡಬೇಕು.

ಮನೆಯವರು ಹೇಗೆ ನಡೆದುಕೊಳ್ಳಬೇಕು?

ಕೇಳದೆ ಜಾಯ್‌ಸ್ಟಿಕ್ ಮುಟ್ಟಬಾರದು. ಎಷ್ಟೇ ಸದುದ್ದೇಶವಿದ್ದರೂ ಅದು ನಡೆದು ಹೋಗುತ್ತಿರುವವರನ್ನು ತೋಳು ಹಿಡಿದು ಎಳೆದಂತೆಯೇ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿ ವೈಯಕ್ತಿಕ ಚಲನೆಯ ಬಗ್ಗೆ ಮಾತನಾಡುವಾಗ, ತಾವು ಆರಿಸಿಕೊಂಡ ರೀತಿಯಲ್ಲಿ ಮತ್ತು ಆರಿಸಿಕೊಂಡ ಹೊತ್ತಿನಲ್ಲಿ ಚಲಿಸುವುದನ್ನು ಸುಗಮಗೊಳಿಸಬೇಕೆಂದು ಹೇಳುತ್ತದೆ. ಹೊತ್ತಿನ ಮಾತು ಮನೆಗಳಲ್ಲಿ ಹೆಚ್ಚಾಗಿ ಮರೆತುಹೋಗುತ್ತದೆ. ಸ್ನಾನಕ್ಕೆ, ಹಾಸಿಗೆಗೆ ಏರಿಸಲು ಸಹಾಯ ಪಡೆಯುವ ವ್ಯಕ್ತಿಯೂ ಸ್ವಾವಲಂಬಿಯೇ, ಯಾವಾಗ ಮತ್ತು ಹೇಗೆ ಎಂಬುದನ್ನು ಅವರೇ ಹೇಳುತ್ತಿದ್ದರೆ. ಆರಂಭದಲ್ಲಿ ಬಾಗಿಲ ಚೌಕಟ್ಟಿನ ಬಣ್ಣ ಕಿತ್ತುಬರುತ್ತದೆ. ಅದಕ್ಕೆ ಗದರುವ ಬದಲು ಮೂಲೆಗಳಿಗೆ ರಕ್ಷಣಾ ಪಟ್ಟಿ ಹೊಡೆಸಿ.

ಕಾಯಿಲೆ ಮುಂದುವರಿದರೆ ಕುರ್ಚಿಯನ್ನೇ ಬದಲಿಸಬೇಕೆ?

ಎಎಲ್‌ಎಸ್ (ಸ್ನಾಯುಗಳನ್ನು ಆಳುವ ನರಕೋಶಗಳು ಕ್ರಮೇಣ ನಶಿಸುವ ಕಾಯಿಲೆ), ಸ್ನಾಯುಕ್ಷಯ ಮುಂತಾದ ಏರುತ್ತ ಹೋಗುವ ಕಾಯಿಲೆಗಳಲ್ಲಿ ಕೊಳ್ಳುವಾಗಲೇ ವಿಸ್ತರಿಸಬಹುದಾದ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಕೇಳಿ ಪಡೆಯಬೇಕು. ಆಗ ಇಂದಿನ ಜಾಯ್‌ಸ್ಟಿಕ್ ಜಾಗದಲ್ಲಿ ಮುಂದೆ ತಲೆಯ ನಿಯಂತ್ರಣವನ್ನು, ಹಿಂಬದಿಯಲ್ಲಿ ಉಸಿರಾಟ ಯಂತ್ರದ ತಟ್ಟೆಯನ್ನು, ಜೊತೆಗಿರುವವರಿಗೆ ಪ್ರತ್ಯೇಕ ಜಾಯ್‌ಸ್ಟಿಕ್ ಅನ್ನು ಸೇರಿಸಬಹುದು. ಬ್ಲೂಟೂತ್ ಇದ್ದರೆ ಕುರ್ಚಿಯ ನಿಯಂತ್ರಣವೇ ಕಂಪ್ಯೂಟರಿನ ಮೌಸ್ ಆಗಿಯೂ ಫೋನ್ ಬಳಸುವ ಸಾಧನವಾಗಿಯೂ ಕೆಲಸ ಮಾಡುತ್ತದೆ. ಇವು ಬೇಕಾಗುವ ಮುನ್ನವೇ ಅಭ್ಯಾಸ ಮಾಡಿಕೊಂಡವರಿಗೆ ಬದಲಾವಣೆ ಅಷ್ಟು ಭಾರವಾಗುವುದಿಲ್ಲ.

ದಾರಿಯಲ್ಲಿ ಕೆಟ್ಟು ನಿಂತರೆ ಏನು ಮಾಡಬೇಕು?

ಮೊದಲು ಸ್ವಿಚ್ ಆರಿಸಿ ಮತ್ತೆ ಹಾಕಿ. ಪರದೆಯ ಮೇಲೆ ಕಾಣುವ ದೋಷಸಂಖ್ಯೆಯನ್ನು ಅಥವಾ ದೀಪ ಎಷ್ಟು ಸಲ ಮಿನುಗುತ್ತದೆ ಎಂಬುದನ್ನು ಬರೆದುಕೊಳ್ಳಿ. ರಿಪೇರಿಯವರು ಕೇಳುವ ಮೊದಲ ಪ್ರಶ್ನೆ ಅದೇ. ಸಡಿಲವಾದ ಕೇಬಲ್ ಮತ್ತು ಬ್ರೇಕ್ ಬಿಡಿಸುವ ಸನ್ನೆ ಸರಿಯಾದ ಸ್ಥಾನಕ್ಕೆ ಮರಳದಿರುವುದು, ಇವೆರಡೇ ಎಷ್ಟೋ ಸಲ ಗಾಬರಿಗೆ ಕಾರಣವಾಗಿರುತ್ತವೆ. ವಿದ್ಯುತ್ ಇಲ್ಲದಾಗ ಬ್ರೇಕ್ ತಾನಾಗಿ ಹಿಡಿದುಕೊಳ್ಳುವುದರಿಂದ ಕುರ್ಚಿಯನ್ನು ತಳ್ಳಬೇಕಾದರೆ ಆ ಸನ್ನೆಯನ್ನು ಬಿಡಿಸಬೇಕು. ಇಳಿಜಾರಿನಲ್ಲಿ ಮಾತ್ರ ಬಿಡಿಸಬಾರದು, ಏಕೆಂದರೆ ಆಗ ಯಾವ ಬ್ರೇಕೂ ಇರುವುದಿಲ್ಲ, ಅಷ್ಟು ತೂಕವನ್ನು ಇಬ್ಬರು ಸೇರಿದರೂ ಹಿಡಿದು ನಿಲ್ಲಿಸಲಾರರು.

ಸನ್ನೆ ಎಲ್ಲಿದೆ, ನಿಮ್ಮನ್ನು ಹೇಗೆ ಎತ್ತಬೇಕು, ಯಾರಿಗೆ ಕರೆ ಮಾಡಬೇಕು ಎಂಬ ಮೂರು ಸಂಗತಿಗಳನ್ನು ಒಂದು ಕಾರ್ಡಿನ ಮೇಲೆ ಬರೆದು ಕುರ್ಚಿಯ ಬೆನ್ನಿಗೆ ಸಿಕ್ಕಿಸಿಡಿ. ಮಾತನಾಡಲು ಕಷ್ಟವಿರುವವರಿಗೆ ಈ ಕಾರ್ಡ್ ಇನ್ನೂ ಅಗತ್ಯ. ರಿಪೇರಿಗೆ ದಿನಗಳೇ ಹಿಡಿಯಬಹುದಾದ್ದರಿಂದ ಹಳೆಯ ಕೈಗಾಲಿಕುರ್ಚಿಯ ಟೈರುಗಳಲ್ಲಿ ಗಾಳಿಯಿದೆಯೇ, ನಿಮ್ಮ ಮೆತ್ತೆ ಅದರ ಮೇಲೆ ಸರಿಯಾಗಿ ಕೂರುತ್ತದೆಯೇ ಎಂಬುದನ್ನು ಆಗಾಗ ಪರೀಕ್ಷಿಸುತ್ತಿರಿ.